ಕರಡು ನಿಯಮಗಳಿಗೆ ನಡೆಯುತ್ತಿರುವ ಆಟದಲ್ಲಿ ಜಾಗ ಕೊಡಬೇಕೆ?

ಮೇಜಿನ ಸುತ್ತ ಕೂತು, ಪಾತ್ರ ವಹಿಸಿ, ದಾಳ ಉರುಳಿಸಿ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ಹೊರತರುವ ವಿಜರ್ಡ್ಸ್ ಆಫ್ ದಿ ಕೋಸ್ಟ್, ಹೊಸ ಸಬ್‌ಕ್ಲಾಸು (ಪಾತ್ರದ ಕಸುಬಾದ ‘ಕ್ಲಾಸಿ’ನ ಒಳಬಗೆ), ಸ್ಪೆಲ್ಲು (ಮಂತ್ರ), ನಿಯಮಗಳನ್ನು ಅಚ್ಚಿಗೆ ಕಳಿಸುವ ಮೊದಲು ‘ಅನ್‌ಅರ್ತ್ಡ್ ಆರ್ಕೇನ’ ಎಂಬ ಹೆಸರಿನಲ್ಲಿ ಕರಡಾಗಿ ಬಿಡುತ್ತದೆ. ಆಡಿ ನೋಡಿ, ಸಮೀಕ್ಷೆಯಲ್ಲಿ ಅಭಿಪ್ರಾಯ ತಿಳಿಸಿ ಎನ್ನುತ್ತದೆ. ಒಂದೇ ಕಥೆಯಾಗಿ ತಿಂಗಳುಗಟ್ಟಲೆ ನಡೆದುಕೊಂಡು ಬಂದ ಕ್ಯಾಂಪೇನಿಗೆ ಇವನ್ನು ಬಿಟ್ಟುಕೊಳ್ಳಬಹುದೆ?

ಪರ: ಆಡದೆ ಗೊತ್ತಾಗುವುದಿಲ್ಲ

ಪರವಾಗಿ ಬರೆಯಿರಿ ಎಂದಿದ್ದಾರೆ, ಬರೆಯುತ್ತೇನೆ. ಹಾಗಂತ ಬಂದ ಕರಡನ್ನೆಲ್ಲ ನನ್ನ ಮೇಜಿಗೆ ಬಿಟ್ಟುಕೊಳ್ಳುತ್ತೇನೆ ಎಂದು ಯಾರೂ ತಿಳಿಯಬೇಡಿ. ನಾನು ಡಿಎಂ, ಅಂದರೆ ಕಥೆ ನಡೆಸಿ ಎದುರಾಳಿಗಳನ್ನು ಆಡಿಸುವ ಕೆಲಸ ನನ್ನದು. ಆಟಗಾರರು ಕೇಳಿದ್ದರಲ್ಲಿ ಅರ್ಧಕ್ಕೆ ಹೂಂ ಅನ್ನುತ್ತೇನೆ, ಅದೂ ಗೊಣಗಿಕೊಂಡು. ಆದರೆ ಆ ಅರ್ಧಕ್ಕಾದರೂ ಹೂಂ ಅನ್ನಲೇಬೇಕು. ನಿಯಮ ಓದಿದರೆ ಗೊತ್ತಾಗುವಂಥದ್ದಲ್ಲ, ಆಡಬೇಕು.

ಆಯುಧಕ್ಕೊಂದು ವಿಶೇಷ ಗುಣ ಕೊಡುವ ವೆಪನ್ ಮಾಸ್ಟರಿಯನ್ನೇ ತೆಗೆದುಕೊಳ್ಳಿ. 2023ರ ಕರಡಿನಲ್ಲಿ ಓದಿದಾಗ ಖುಷಿಯಾಗಿತ್ತು. ಗ್ರೇಟ್‌ಸೋರ್ಡಿಗೆ ‘ಗ್ರೇಜ್’, ಏಟು ತಪ್ಪಿದರೂ ಒಂದಿಷ್ಟು ಪೆಟ್ಟು. ಬ್ಯಾಟಲ್‌ಆ್ಯಕ್ಸಿಗೆ ‘ಟಾಪಲ್’, ಏಟು ತಗುಲಿದರೆ ಎದುರಾಳಿ ಕಾನ್‌ಸ್ಟಿಟ್ಯೂಷನ್ ಸೇವ್ (ಮೈಗಟ್ಟಿತನದ ದಾಳಪರೀಕ್ಷೆ) ಹಾಕಬೇಕು, ಸೋತರೆ ನೆಲಕ್ಕೆ ಬೀಳುತ್ತಾನೆ. ಕಾಗದದ ಮೇಲೆ ಒಂದೆರಡು ಸಾಲು. ಆಡಲು ಕೂತಾಗ ಐದನೇ ಲೆವೆಲ್ಲಿನ ಫೈಟರ್ ಒಂದೇ ಸರದಿಯಲ್ಲಿ ಎರಡು ಸಲ ಹೊಡೆಯುತ್ತಾನೆ. ತಗುಲಿದ ಪ್ರತಿ ಏಟಿಗೂ ನಾನು ದಾಳ ಉರುಳಿಸಬೇಕು. “ಬಿದ್ದನಾ?” “ಇಲ್ಲ.” “ಸರಿ, ಇನ್ನೊಂದು ಏಟು. ಈಗ?” ಆ್ಯಕ್ಷನ್ ಸರ್ಜ್ (ಅದೇ ಸರದಿಯಲ್ಲಿ ಇನ್ನೊಮ್ಮೆ ಹೊಡೆಯುವ ಅವಕಾಶ) ಬಳಸಿದನೋ, ಇದೇ ಸಂಭಾಷಣೆ ಮತ್ತೆ ಎರಡು ಸಲ. ಅಷ್ಟರಲ್ಲಿ ವಿಜರ್ಡ್ ಆಡುವವನು ಫೋನು ನೋಡುತ್ತಾ ಕೂತಿರುತ್ತಾನೆ. ಕಾದಾಟ ನಿಧಾನವಾಗುತ್ತದೆ ಎಂದು ನಾವು ಸಮೀಕ್ಷೆಯಲ್ಲಿ ಬರೆದೆವು. 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಟಾಪಲ್ ಹಾಗೇ ಇದೆ. ಇದರಿಂದ ನನ್ನ ವಾದಕ್ಕೆ ಹೆಚ್ಚೇನೂ ಬಲ ಬರುವುದಿಲ್ಲ, ಬಿಡಿ. ಆದರೆ ಆಡಿದ್ದಕ್ಕೇ ಅಲ್ಲವೆ ಇದು ಗೊತ್ತಾದದ್ದು?

2022ರ ಆಗಸ್ಟಿನ ಕರಡಿನಲ್ಲಿ ಕ್ರಿಟಿಕಲ್ ಹಿಟ್ (ದಾಳದಲ್ಲಿ 20 ಬಿದ್ದರೆ ಸಿಗುವ ಹೆಚ್ಚಿನ ಪೆಟ್ಟು) ಆಟಗಾರರ ಪಾತ್ರಗಳಿಗೆ ಮಾತ್ರ, ಮಾನ್‌ಸ್ಟರ್‌ಗಳಿಗೆ ಇಲ್ಲ ಎಂದಿತ್ತು. ದೈತ್ಯನ ದಾಳದಲ್ಲಿ 20 ಬಿದ್ದು, ಎಲ್ಲರೂ ಉಸಿರು ಬಿಗಿಹಿಡಿದು ಕೂತಾಗ, ಡಿಎಂ “ಮಾಮೂಲಿ ಪೆಟ್ಟು” ಅನ್ನುವುದನ್ನು ಒಮ್ಮೆ ಕೇಳಿ ನೋಡಬೇಕು. ಅಂತಿಮ ಪುಸ್ತಕಕ್ಕೆ ಆ ನಿಯಮ ಬರಲಿಲ್ಲ, ಪುಣ್ಯ.

ವಿರೋಧಿಸುವವರ ಮಾತು ನನಗೆ ಗೊತ್ತು. ಅವರಿಗೆ ಅಚ್ಚಾದದ್ದೇ ವೇದ, ಅದರಲ್ಲಿಲ್ಲದ್ದು ಮೇಜು ಮುಟ್ಟಿದರೆ ಮೈಲಿಗೆ. 2014ರ ರೇಂಜರ್ ಕ್ಲಾಸು ಕೂಡ ಅಚ್ಚಾದದ್ದೇ ತಾನೆ? ಅದರ ಸಬ್‌ಕ್ಲಾಸಾದ ಬೀಸ್ಟ್ ಮಾಸ್ಟರ್ ತನ್ನ ತೋಳಕ್ಕೆ “ಕಚ್ಚು” ಎನ್ನಲು ತನ್ನ ಆ್ಯಕ್ಷನ್ನನ್ನೇ ಕಳೆದುಕೊಳ್ಳಬೇಕಿತ್ತು. ಇದನ್ನು ತಿದ್ದಿದ 2016ರ ಕರಡು ಬಂದಾಗ ರೇಂಜರ್ ಆಡುವವರ ಮುಖ ನೋಡಬೇಕಿತ್ತು. ಆರ್ಟಿಫಿಸರ್ ಕ್ಲಾಸು ಕೂಡ ಕರಡಿನ ಮೇಲೆ ಕರಡಾಗಿ ತಿದ್ದಿಸಿಕೊಂಡು 2019ರಲ್ಲಿ ಪುಸ್ತಕ ಸೇರಿತು. ಯಾರೋ ಆಡಿದ್ದಕ್ಕೆ ಅದಾಯಿತು.

ಇನ್ನು ಕರಡನ್ನು ಹಿಂತೆಗೆದುಕೊಂಡರೆ ಪಾತ್ರದ ಗತಿ ಏನು ಎಂದು ಕೇಳುತ್ತಾರೆ. ಡಿಎಂ, ಆಟಗಾರ ಇಬ್ಬರೂ ಕೂತು ಮಾತಾಡಿಕೊಂಡರೆ ಬಗೆಹರಿಯುತ್ತದೆ. ದೊಡ್ಡವರ ಆಟವಲ್ಲವೆ.

ವಿರೋಧ: ಡ್ರೂಯಿಡ್ ಬಾಗಿಲ ಹೊರಗೇ ನಿಂತಳು

ಬೇಡ. ಯಾಕೆ ಬೇಡ ಎಂಬುದನ್ನು ಆ ಕರಡುಗಳೇ ಆರಂಭದಲ್ಲಿ ಹೇಳಿಕೊಂಡಿವೆ. ಇದು ಇನ್ನೂ ತಿದ್ದಿ ತೀಡಿಲ್ಲ, ಆಟದ ಅಧಿಕೃತ ಭಾಗವಲ್ಲ. ಹಳೆಯ ಕರಡುಗಳಲ್ಲಂತೂ ಅಡ್ವೆಂಚರರ್ಸ್ ಲೀಗ್ ಆಟಗಳಲ್ಲಿ ಇವಕ್ಕೆ ಪ್ರವೇಶವಿಲ್ಲ ಎಂದೂ ಬರೆದಿರುತ್ತಿತ್ತು. ಹೊರತಂದವರೇ ತಮ್ಮ ಲೀಗಿನ ಬಾಗಿಲಲ್ಲಿ ತಡೆದದ್ದನ್ನು ನಾವು ಯಾಕೆ ಕೈಹಿಡಿದು ಒಳಗೆ ಕರೆದುಕೊಳ್ಳಬೇಕು?

2023ರಲ್ಲಿ ನಾನೊಂದು ಕ್ಯಾಂಪೇನಿನಲ್ಲಿ ರೋಗ್ (ಕಳ್ಳಗಸುಬಿನ ಪಾತ್ರ) ಆಡುತ್ತಿದ್ದೆ. ಜೊತೆಗೊಬ್ಬಳು ಗೆಳತಿ, ಡ್ರೂಯಿಡ್, ಅಂದರೆ ಪ್ರಾಣಿರೂಪ ತಾಳಬಲ್ಲ ಪಾತ್ರ. ಅವಳಿಗೆ ಕರಡಿ, ತೋಳ ಆಗಿ ಕಾದಾಡುವುದರಲ್ಲಿ ಆಸಕ್ತಿಯೇ ಇರಲಿಲ್ಲ. ಅವಳಿಗೆ ಬೇಕಾದದ್ದು ಜೇಡ, ಇಲಿ. ಒಳಗಿನಿಂದ ಚಿಲಕ ಹಾಕಿದ ಬಾಗಿಲು ಸಿಕ್ಕರೆ ಅವಳು ಜೇಡವಾಗಿ ಸಂದಿಯಲ್ಲಿ ತೂರಿ ಒಳಗೆ ಹೋಗಿ, ಮನುಷ್ಯಳಾಗಿ ಚಿಲಕ ತೆಗೆಯುವುದು. ನಾನು ಕತ್ತಿ ಹಿರಿದು ಒಳಗೆ ನುಗ್ಗುವುದು. ಕಾವಲುಗಾರರು ಎಷ್ಟು, ಯಾರು ಮಲಗಿದ್ದಾರೆ ಎಂಬುದನ್ನು ಅವಳು ಗೋಡೆಯ ಮೇಲಿಂದ ನೋಡಿಕೊಂಡೇ ಇಳಿಯುತ್ತಿದ್ದಳು. ಇಡೀ ಪಾರ್ಟಿ ಬದುಕಿದ್ದೇ ಈ ಜೋಡಿ ಕಸುಬಿನಿಂದ.

ಫೆಬ್ರವರಿಯಲ್ಲಿ ಡ್ರೂಯಿಡ್ ಕರಡು ಬಂತು. ನಮ್ಮ ಡಿಎಂಗೆ ಹೊಸದೆಂದರೆ ಪ್ರಾಣ, ಮುಂದಿನ ಆಟಕ್ಕೇ ಜಾರಿ ಮಾಡಿದರು. ವೈಲ್ಡ್ ಶೇಪಿಗೆ (ಪ್ರಾಣಿಯಾಗುವ ಶಕ್ತಿಗೆ) ಮೃಗಗಳ ಬೇರೆ ಬೇರೆ ಅಂಕಿಅಂಶ ಹೋಗಿ, ‘ನೆಲದ ಪ್ರಾಣಿ’ ಎಂಬ ಒಂದು ಅಚ್ಚು ಬಂತು. ಕರಡಿ ಅನ್ನಿ, ಜಿಂಕೆ ಅನ್ನಿ, ಲೆಕ್ಕ ಅದೇ. ಈಜುವುದು, ಹಾರುವುದು ಮುಂದಿನ ಲೆವೆಲ್ಲುಗಳಿಗೆ. ಮೃಗದ ಹಿಟ್ ಪಾಯಿಂಟ್ (ಏಟು ತಾಳುವ ಶಕ್ತಿಯ ಲೆಕ್ಕ) ಪ್ರತ್ಯೇಕವಾಗಿ ಸಿಗುತ್ತಿದ್ದದ್ದೂ ನಿಂತಿತು, ಏಟೆಲ್ಲ ಸ್ವಂತ ಮೈಗೇ. ತೀರಾ ಚಿಕ್ಕ ಪ್ರಾಣಿಯಾಗಬೇಕಾದರೆ ಹನ್ನೊಂದನೇ ಲೆವೆಲ್ಲು ಆಗಬೇಕು. ನಾವಿದ್ದದ್ದು ಆರರಲ್ಲಿ.

ಕೋಟೆಯ ಗೋಪುರದಲ್ಲಿ ಚಿಲಕ ಹಾಕಿದ ಬಾಗಿಲು. ಅವಳು ರೂಢಿಯಂತೆ “ಜೇಡ ಆಗ್ತೀನಿ” ಅಂದಳು. ಡಿಎಂ ಹಾಳೆ ತಿರುವಿ “ಈಗ ಆಗಲ್ಲ” ಅಂದರು. “ಎರಡನೇ ಲೆವೆಲ್ಲಿಂದ ಆಗ್ತಿದ್ದೀನಲ್ಲ?” “ಆಗ ಆಗ್ತಿದ್ದೆ.” ಕಥೆಯೊಳಗೆ ಇದಕ್ಕೆ ಏನು ಕಾರಣ? ಶಾಪವೆ? ದೇವತೆಯ ಮುನಿಸೆ? ಏನೂ ಇಲ್ಲ, ಪಿಡಿಎಫ್ ಬದಲಾಗಿದೆ ಅಷ್ಟೆ. ಅವಳು ತೋಳವಾಗಿ ಬಾಗಿಲ ಹೊರಗೆ ನಿಂತಳು. ನನ್ನ ಬೀಗದ ಕಡ್ಡಿಗಳಿಗೆ ತೂರಲು ಕೀಲಿಕಿಂಡಿಯೇ ಇರಲಿಲ್ಲ. ಕೊನೆಗೆ ಬಾರ್ಬೇರಿಯನ್ ಕೊಡಲಿ ಹಾಕಿದ, ಗೋಪುರಕ್ಕೆ ಗೋಪುರವೇ ಎದ್ದಿತು. ಕೆಲವೇ ವಾರಗಳಲ್ಲಿ ಅವಳು ಡ್ರೂಯಿಡ್ಡನ್ನು ಕಾಡಿಗೆ ಕಳಿಸಿ ಕ್ಲೆರಿಕ್ ಎಂಬ ಬೇರೆ ಪಾತ್ರದ ಶೀಟ್ ಬರೆದುಕೊಂಡು ಬಂದಳು.

ಅದೇ ವರ್ಷದ ಮಧ್ಯದಲ್ಲಿ ಬಂದ ಇನ್ನೊಂದು ಕರಡಿನಲ್ಲಿ ಆ ಅಚ್ಚುಗಳೆಲ್ಲ ಮಾಯ, ಮೃಗಗಳು ವಾಪಸ್. “ಡ್ರೂಯಿಡ್ ಕರೆಸಿಕೋ” ಎಂದು ಡಿಎಂ ಕರೆದರು. ಅಷ್ಟರಲ್ಲಿ ಕ್ಲೆರಿಕ್ಕಿನ ಕಥೆ ಎಲ್ಲಿಗೋ ಹೋಗಿತ್ತು. ಅವಳು ಬೇಡ ಅಂದಳು.

ಇದು ಡ್ರೂಯಿಡ್ ಒಬ್ಬಳ ಗೋಳಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ವಾರ್ಲಾಕ್‌ನ ಪ್ಯಾಕ್ಟ್ ಮ್ಯಾಜಿಕ್ ಕಿತ್ತುಹಾಕಿದರು. ಶಾರ್ಟ್ ರೆಸ್ಟ್ (ಚಿಕ್ಕ ವಿಶ್ರಾಂತಿ) ಮಾಡಿ ಸ್ಪೆಲ್ ಸ್ಲಾಟ್ (ಮಂತ್ರ ಬಳಸುವ ಅವಕಾಶ) ತುಂಬಿಸಿಕೊಳ್ಳುವ, ಆ ಕ್ಲಾಸಿನ ಗುರುತೇ ಆಗಿದ್ದ ಗುಣ ಹೋಯಿತು. ಸೆಪ್ಟೆಂಬರಿನಲ್ಲಿ ತಿರುಗಿ ಕೊಟ್ಟರು. 2017ರಲ್ಲಿ ಮಿಸ್ಟಿಕ್ ಎಂಬ ಇಡೀ ಕ್ಲಾಸನ್ನೇ ಇಪ್ಪತ್ತನೇ ಲೆವೆಲ್ಲಿನವರೆಗೆ ಬರೆದು ಬಿಟ್ಟರು, ಅದು ಯಾವ ಅಧಿಕೃತ ಪುಸ್ತಕದಲ್ಲೂ ಅಚ್ಚಾಗಲಿಲ್ಲ. ಅದನ್ನು ನಂಬಿ ಪಾತ್ರ ಕಟ್ಟಿಕೊಂಡವರು ಯಾರನ್ನು ಕೇಳಬೇಕು?

ಕರಡು ಬೇಕು ಎಂದು ದುಂಬಾಲು ಬೀಳುವವರಲ್ಲಿ ಬಹುಪಾಲು ಜನ ಪಾತ್ರಕ್ಕಾಗಿ ಬರುವವರಲ್ಲ, ಲೆಕ್ಕಕ್ಕಾಗಿ ಬರುವವರು. ಹೊಸ ಸಬ್‌ಕ್ಲಾಸನ್ನು ಹಳೆಯ ಫೀಟ್ (ಹೆಚ್ಚುವರಿ ಕೌಶಲ) ಒಂದಕ್ಕೆ ಗಂಟುಹಾಕಿ, ಸರದಿಗೊಂದಿಷ್ಟು ಹೆಚ್ಚು ಡ್ಯಾಮೇಜ್ ಬಂತೆಂದು ಹಿಗ್ಗುವ ಪೈಕಿ. ಅವರಿಗೆ ಡ್ರೂಯಿಡ್ ಕಾಡಿಗೆ ಹೋದರೂ ಒಂದೇ, ಬಿಟ್ಟರೂ ಒಂದೇ. ಮುಂದಿನ ಕರಡಿಗೆ ಮುಂದಿನ ಪಾತ್ರ.

ಎಲ್ಲರೂ ಹೀಗೆ ಬೇಡ ಅಂದರೆ ಪರೀಕ್ಷಿಸುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ಅದು ಕಂಪನಿಯ ತಲೆನೋವು. ಅಷ್ಟು ಆಸೆಯಿದ್ದರೆ ಒಂದು ಸಂಜೆ ಬೇರೆ ಇಟ್ಟುಕೊಳ್ಳಿ, ಸತ್ತರೂ ಅಡ್ಡಿಯಿಲ್ಲದ ಪಾತ್ರಗಳನ್ನು ಬರೆದುಕೊಂಡು ಬನ್ನಿ. ನಾನೂ ಬರುತ್ತೇನೆ, ಬೇಕಾದರೆ ಸಮೀಕ್ಷೆಯನ್ನೂ ತುಂಬುತ್ತೇನೆ. ನಡೆಯುತ್ತಿರುವ ಕ್ಯಾಂಪೇನಿನ ಶೀಟಿಗೆ ಮಾತ್ರ ರಬ್ಬರು ತರಬೇಡಿ.