ಎರಡು ಗುಡ್ಡ, ನಡುವೆ ಅರ್ಧ ಸೂರ್ಯ

ಇವತ್ತು ಬೆಳಿಗ್ಗೆ ರೇಶನ್ ಕಾರ್ಡಿನ ಜೆರಾಕ್ಸ್ ಮಾಡಿಸ್ಲಿಕ್ಕೆ ಅಂತ ಬದಿಯಡ್ಕ ಪೇಟೆಗೆ ಹೋದವನು ತಲೆ ಕೆಡಿಸಿಕೊಂಡು ಬಂದಿದ್ದೇನೆ. ಇಲ್ಲಿ ಕಕ್ಕಿಬಿಡ್ತೇನೆ, ಇಲ್ಲದಿದ್ರೆ ಮಧ್ಯಾಹ್ನದ ಊಟ ಮೈಗೆ ಹಿಡಿಯುದಿಲ್ಲ.

ಅಂಗಡಿಯಲ್ಲಿ ನನ್ನ ಮುಂದೆ ನಾಲ್ಕು ಜನ ಅಮ್ಮಂದಿರು, ನಾಲ್ಕೂ ಜನರದ್ದು ಒಂದೇ ಕೇಸು. ಸೋಮವಾರಕ್ಕೆ ಮಕ್ಕಳು "ನಮ್ಮೂರಿನ ನೀರು" ಅಂತ ಒಂದು ಚಿತ್ರ ಬರೆದುಕೊಂಡು ಹೋಗ್ಬೇಕು, ಅಸೈನ್‌ಮೆಂಟ್. ಅಂಗಡಿ ಹುಡುಗ ಮೊಬೈಲಲ್ಲಿ ಎಂತದೋ ಒತ್ತಿದ, ಪಟ ಬಂತು, ಕಲರ್ ಪ್ರಿಂಟ್ ತೆಗೆದ, ಹತ್ತು ರೂಪಾಯಿ. ಪಟದಲ್ಲಿ ಎಂತ ಉಂಟು ಗೊತ್ತುಂಟಾ? ಎರಡು ತ್ರಿಕೋನದ ಗುಡ್ಡ, ಗುಡ್ಡದ ತುದಿಗೆ ಹಿಮ. ಹಿಮ ಮಾರಾಯ್ರೇ, ಬದಿಯಡ್ಕದಲ್ಲಿ! ನಡುವೆ ಅರ್ಧ ಸೂರ್ಯ, ಸೂರ್ಯನ ಬುಡದಿಂದಲೇ ಹೊರಟು ಬರುವ ಹೊಳೆ, ಬದಿಯಲ್ಲಿ ಒಂದು ಗುಡಿಸಲು, ಗುಡಿಸಲಿಗೆ ಹೊಗೆಗೂಡು ಬೇರೆ. ಇದರ ಮೇಲೆ ಹಾಳೆ ಇಟ್ಟು ಟ್ರೇಸ್ ಮಾಡಿ ಬಣ್ಣ ತುಂಬಿಸಿದ್ರೆ ಆಯ್ತಂತೆ. ಎರಡನೆಯವರು "ನಮಗೂ ಅದೇ ಒಂದು" ಅಂದ್ರು. ಮೂರನೆಯವರೂ. ನಾಲ್ಕನೆಯವರು ಮಾತ್ರ ಸ್ವಲ್ಪ ವಿಚಾರವಾದಿ, "ಸೂರ್ಯ ಪೂರ್ತಿ ಇರುವ ಹಾಗಿದ್ದು ಉಂಟಾ" ಅಂತ ಕೇಳಿದ್ರು.

ಕೇರಳದ 44 ಹೊಳೆಗಳಲ್ಲಿ 12 ನಮ್ಮ ಈ ಮೂಲೆಯ ಕಾಸರಗೋಡು ಜಿಲ್ಲೆಯಲ್ಲೇ ಹರಿಯುದು. ಹೊಳೆ ಬಿಡಿ, ಸುರಂಗ? ಮುರಕಲ್ಲಿನ ಗುಡ್ಡಕ್ಕೆ ಅಡ್ಡಕ್ಕೆ, ಒಬ್ಬ ಮನುಷ್ಯ ನುಗ್ಗುವಷ್ಟು ಅಗಲಕ್ಕೆ ಕೊರೆದುಕೊಂಡು ಹೋಗುದು, ನೀರು ಸಿಕ್ಕಿದ್ರೆ ತನ್ನಷ್ಟಕ್ಕೆ ಹರಿದು ಬಂದು ಹೊರಗೆ ಕೆರೆಗೆ ಬೀಳ್ತದೆ, ಪಂಪು ಬೇಡ ಕರೆಂಟು ಬೇಡ. ಆ ನಾಲ್ಕು ಜನರಲ್ಲಿ ಒಬ್ಬರ ಮನೆಯಲ್ಲಿ ಇವತ್ತಿಗೂ ಸುರಂಗದ ನೀರೇ ಕುಡಿಯುದು, ನಾನೇ ಕುಡಿದಿದ್ದೇನೆ. ಅವರ ಮಗ ಹಿಮದ ಗುಡ್ಡ ಬರೀತಾನೆ. ಮತ್ತೆ ನಮ್ಮಲ್ಲಿ ತ್ರಿಕೋನದ ಗುಡ್ಡ ಎಲ್ಲುಂಟು? ನಮ್ಮದು ಪದವು, ನೆತ್ತಿ ಚಪ್ಪಟೆ, ಮುಳಿಹುಲ್ಲು, ಕರಿ ಕಲ್ಲಿನ ಹಾಸು, ಮಳೆಗಾಲದಲ್ಲಿ ಅಲ್ಲಲ್ಲಿ ನೀರಿನ ಪಳ್ಳ ಕಟ್ಟಿಕೊಳ್ಳುವಂಥದ್ದು. ಅದನ್ನು ಯಾರಾದ್ರೂ ಬರೆದದ್ದು ನೋಡಿದ್ದೀರಾ? ನಾನಂತೂ ನೋಡಿಲ್ಲ.

ಈಗ ನೀವು ನಗ್ತಾ ಇದ್ದೀರಿ ಅಂತ ಗೊತ್ತು. ಹೌದು, ಈ ಊರಲ್ಲಿ ಆ ಸೀನರಿಯನ್ನು ಅತಿ ಹೆಚ್ಚು ಸಲ ಬರೆದ ಪಾಪಿ ನಾನೇ. ಲಾರಿಯ ಹಿಂದಿನ ಹಲಗೆಗೆ, ಹೋಟೆಲಿನ ಗೋಡೆಗೆ, ಮದುವೆ ಮನೆಯ ಟ್ರಂಕು ಪೆಟ್ಟಿಗೆಗೆ, ಕಣ್ಣು ಮುಚ್ಚಿ ಬರೀತಿದ್ದೆ, ಒಂದಕ್ಕೆ ನೂರೈವತ್ತು. ಫ್ಲೆಕ್ಸ್ ಬಂದು ನನ್ನ ಅನ್ನ ಕಿತ್ತುಕೊಂಡಿತು, 2019ರಲ್ಲಿ ಸರಕಾರ ಪಿವಿಸಿ ಫ್ಲೆಕ್ಸನ್ನೇ ನಿಷೇಧ ಮಾಡಿತು, ಅಷ್ಟೊತ್ತಿಗೆ ನನ್ನ ಬ್ರಶ್ಶೆಲ್ಲ ಒಣಗಿ ತೆಂಗಿನ ಹಿಡಿಸೂಡಿಯ ಹಾಗೆ ಆಗಿತ್ತು. ಅದು ಬೇರೆ ಪುರಾಣ. ಆದ್ರೆ ನಾನು ಬರೆದದ್ದು ಹೊಟ್ಟೆಪಾಡಿಗೆ, ಮಗು ಬರೆಯುದು ಎಂತಕ್ಕೆ?

ಇನ್ನೊಂದು ಉಂಟು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರ್ಲಿಲ್ಲ. ನನ್ನ ಮಗ ಐದನೇ ಕ್ಲಾಸಲ್ಲಿರುವಾಗ ನಮ್ಮ ಹಟ್ಟಿಯ ದನವನ್ನು ಬರೆದಿದ್ದ. ನಾಲ್ಕು ಕಾಲೂ ಒಂದೇ ಬದಿಯಲ್ಲಿ, ಬಾಲ ಹಗ್ಗಕ್ಕಿಂತ ದಪ್ಪ, ಆದ್ರೆ ಮುಖ ಉಂಟಲ್ಲ, ಅದು ನಮ್ಮ ದನವೇ, ಅದರ ಒಂದು ಕಿವಿ ಹರಿದದ್ದು ಸಮೇತ. ನಾನು ರಾತ್ರಿ ಕೂತು ಸ್ವಲ್ಪ ಟಚಪ್ ಮಾಡಿದೆ. ಸ್ವಲ್ಪ ಅಂದ್ರೆ ಕಾಲು ಸರಿ ಮಾಡಿದೆ, ಬಾಲ ಸರಿ ಮಾಡಿದೆ, ಹರಿದ ಕಿವಿ ಚೆಂದ ಕಾಣುದಿಲ್ಲ ಅಂತ ಅದನ್ನೂ ಸರಿ ಮಾಡಿದೆ. ಟೀಚರ್ "ವೆರಿ ಗುಡ್" ಕೊಟ್ರು. ಮುಂದಿನ ಸಲ ಅವ ಪೆನ್ಸಿಲೇ ಮುಟ್ಟಲಿಲ್ಲ, ಬುಕ್ ತಂದು ನನ್ನ ಮಡಿಲಿಗೆ ಹಾಕಿ "ಅಪ್ಪ, ನೀವೇ ಬರೀರಿ" ಅಂದ. ಈಗ ಶಾರ್ಜಾದಲ್ಲಿದ್ದಾನೆ. ದಿನಾ ಬೆಳಿಗ್ಗೆ ವಾಟ್ಸಾಪಲ್ಲಿ ಗುಡ್ ಮಾರ್ನಿಂಗ್ ಪಟ ಕಳಿಸ್ತಾನೆ. ಎರಡು ಗುಡ್ಡ, ನಡುವೆ ಸೂರ್ಯ.

ಹಾಗಾಗಿ ತಂಗಿಯ ಮಗಳ ಬುಕ್ಕಿಗೆ ನಾನು ಕೈ ಹಾಕುದಿಲ್ಲ. ಅವಳು ಈಗ ಏಳನೇ ಕ್ಲಾಸು. ಅವರ ಶಾಲೆಗೆ ವಾರದಲ್ಲಿ ಎರಡು ದಿನ ಒಬ್ಬರು ಡ್ರಾಯಿಂಗ್ ಮಾಸ್ಟ್ರು ಬರ್ತಾರೆ, ಎರಡು ಮೂರು ಶಾಲೆಗೆ ಒಬ್ಬರೇ. ಮಲಯಾಳದವರು, ಕನ್ನಡದ ಒಂದಕ್ಷರ ಗೊತ್ತಿಲ್ಲ. ಕನ್ನಡ ಮೀಡಿಯಂ ಶಾಲೆಗೆ ಕನ್ನಡ ಗೊತ್ತಿಲ್ಲದವರನ್ನು ಹಾಕ್ಬೇಡಿ ಅಂತ ಧರಣಿ ಆದಾಗಲೆಲ್ಲ ಬ್ಯಾನರ್ ಬರೆದುಕೊಟ್ಟದ್ದು ಯಾರು? ನಾನೇ. ಇವತ್ತಿಗೂ ಅದೇ ಹೇಳುದು, ಗಣಿತಕ್ಕೆ ವಿಜ್ಞಾನಕ್ಕೆ ಸಮಾಜಕ್ಕೆ ಕನ್ನಡ ಗೊತ್ತಿದ್ದವರೇ ಬೇಕು, ಅದರಲ್ಲಿ ರಾಜಿ ಇಲ್ಲ, ಕಮೆಂಟಿಗೆ ಬಂದು ಎಳೀಬೇಡಿ. ಆದ್ರೆ ಈ ಪುಣ್ಯಾತ್ಮ ಎಂತ ಮಾಡಿದ್ರು ಗೊತ್ತಾ, ಮಕ್ಕಳ ಹತ್ರ "ನನಗೆ ನಿಮ್ಮ ಕನ್ನಡ ಪುಸ್ತಕ ಓದ್ಲಿಕ್ಕೆ ಬರುದಿಲ್ಲ, ನಿಮಗೆ ಗೊತ್ತಿರುವ ಒಂದು ಕತೆಯನ್ನು ನನಗೆ ಚಿತ್ರದಲ್ಲೇ ಹೇಳಿ" ಅಂದ್ರು. ಇದಕ್ಕಿಂತ ದೊಡ್ಡ ಅಸೈನ್‌ಮೆಂಟ್ ಉಂಟಾ! ಓದುವವನಿಗೆ ಅಕ್ಷರವೇ ಗೊತ್ತಿಲ್ಲ, ಚಿತ್ರ ತಪ್ಪಿದ್ರೆ ಕತೆ ತಪ್ಪಿತು.

ಇವಳು ಕಾಗಕ್ಕ ಗುಬ್ಬಕ್ಕ ಬರೆದಳು. ಒಂದು ಕಾಗೆ, ಒಂದು ಗುಬ್ಬಿ, ಒಂದು ಮನೆ, ಮೂರೂ ಸಾಲಾಗಿ ಅಸೆಂಬ್ಲಿಗೆ ನಿಂತ ಹಾಗೆ. ಮಾಸ್ಟ್ರು ನೋಡಿ "ಮಳ ಎವಿಡೆ?" ಅಂದ್ರಂತೆ. ಮಳೆ ಎಲ್ಲಿ? ಮಳೆ ಇಲ್ಲದಿದ್ರೆ ಕಾಗೆ ಯಾಕೆ ಬಂತು ಅಂತ ಅವರಿಗೆ ಗೊತ್ತಾಗುದು ಹೇಗೆ. ಮನೆಗೆ ಬಂದು ಹೇಳಿ ಅತ್ತಳು. ಮತ್ತೆ ಬರೆದಳು, ಗೆರೆ ಗೆರೆ ಮಳೆ. ಅದೂ ಆಗಲಿಲ್ಲ. ನಾಲ್ಕನೇ ಸಲ ಎಂತ ಹೊಳೆಯಿತೋ, ಗುಬ್ಬಕ್ಕನ ಮನೆಯ ಒಳಗೆ ನಿಂತು ಬರೆದಳು. ಬಾಗಿಲು ಎರಡು ಬೆರಳು ತೆರೆದಿದೆ, ಆ ಸಂದಿಯಲ್ಲಿ ಒಂದು ಕಣ್ಣು, ಅರ್ಧ ಕೊಕ್ಕು, ಕೊಕ್ಕಿನ ತುದಿಯಲ್ಲಿ ಒಂದು ಹನಿ. ಅಷ್ಟೇ. ನಾನು ಮೂವತ್ತು ವರ್ಷ ಬ್ರಶ್ ಹಿಡಿದವನು, ಮನೆಯ ಒಳಗಿಂದ ನೋಡಿ ಬರೀಬಹುದು ಅಂತ ನನಗೆ ಒಂದು ದಿನವೂ ಹೊಳೆದದ್ದಿಲ್ಲ.

ಕೈ ಬರೀಲಿಕ್ಕೆ ಬರುದಿಲ್ಲ ಅಂತ ಅವಳ ಮನುಷ್ಯರೆಲ್ಲ ಮೊದಲು ಕೈಯನ್ನು ಬೆನ್ನ ಹಿಂದೆ ಕಟ್ಟಿ ನಿಲ್ತಿದ್ರು, ಪೋಲೀಸರ ಹಾಗೆ. ಅದನ್ನು ಕಂಡುಹಿಡಿದು ಮಾಸ್ಟ್ರು ಅಜ್ಜಿ, ಅಂದ್ರೆ ನನ್ನ ಅಮ್ಮ, ಅಡಕೆ ಸುಲಿಯುವ ಕೈಯನ್ನು ಹನ್ನೆರಡು ಸಲ ಬರೆದು ತಾ ಅಂದ್ರು. ಮೊದಲ ನಾಲ್ಕು ಬೆಂಡೆಕಾಯಿ ಗೊಂಚಲು. ಏಳನೆಯದ್ದರಲ್ಲಿ, ಹೆಬ್ಬೆರಳು ಉಳಿದ ಬೆರಳಿನ ಸಾಲಿನಲ್ಲಿ ಹುಟ್ಟುದೇ ಅಲ್ಲ ಅಂತ ಅವಳಿಗೆ ಗೊತ್ತಾಗಿದೆ, ಹಾಳೆಯಲ್ಲಿ ಕಾಣ್ತದೆ. ಹನ್ನೆರಡನೆಯದ್ದರಲ್ಲಿ ಅಮ್ಮನ ಉಂಗುರ ಬೆರಳು ವಾತದಿಂದ ಮಡಚಿಯೇ ಇರುದು, ಉಗುರಿನ ಬುಡದ ಕಪ್ಪು ಚೊಗರು, ಎಲ್ಲ ಬಂದಿದೆ. ಆ ಪುಟ ನೋಡಿ ಕ್ಲಾಸ್ ಟೀಚರ್ ಎಂತ ಬರೆದದ್ದು? "ಪುಟ ಕೊಳಕಾಗಿದೆ. ನೀಟಾಗಿ ಬರೆ." ಕೆಂಪು ಶಾಯಿಯಲ್ಲಿ, ಅಮ್ಮನ ಕೈಯ ಮೇಲೆಯೇ.

"ಎಲ್ಲರೂ ಆರ್ಟಿಸ್ಟ್ ಆಗ್ಲಿಕ್ಕುಂಟಾ ಅಣ್ಣ, ನೀಟಾಗಿದ್ರೆ ನಾಲ್ಕು ಮಾರ್ಕು ಬರ್ತದೆ, ನಾಳೆ ಶಾಲಾ ಕಲೋತ್ಸವದಲ್ಲಿ ಜಲವರ್ಣಕ್ಕೋ ಪೆನ್ಸಿಲ್ ಡ್ರಾಯಿಂಗಿಗೋ ಹೋಗ್ಬಹುದು" ಅಂತ ನಿಮ್ಮಲ್ಲೇ ಒಬ್ಬರು ಹೇಳ್ತೀರಿ. ಸರಿ, ಒಪ್ಪಿದೆ, ನೀಟು ಬೇಕು. ಯಕ್ಷಗಾನದವರು ಬಣ್ಣ ಹಾಕುವ ಚೌಕಿಗೆ ಹೋಗಿ ನೋಡಿ, ಬಣ್ಣದ ವೇಷದವರು ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖಕ್ಕೆ ಬಿಳಿ ಚುಕ್ಕಿ ಚುಕ್ಕಿಯ ಚಿಟ್ಟಿ ಇಡುದನ್ನು, ಎರಡು ಮೂರು ಗಂಟೆ, ಒಂದು ಚಿಟ್ಟಿ ಆಚೆ ಈಚೆ ಆಗುದಿಲ್ಲ. ಅದಕ್ಕಿಂತ ನೀಟು ಎಲ್ಲುಂಟು? ಆದ್ರೆ ಕನ್ನಡಿ ಮುಂದೆ ಕೂತು ಅವರವರ ಮುಖಕ್ಕೆ ಅವರವರೇ ಇಟ್ಟುಕೊಳ್ಳುದು, ಯಾರ ಅಮ್ಮನೂ ಬಂದು ಪ್ರಿಂಟ್ ತೆಗೆಸಿ ಕೊಡುದಿಲ್ಲ. ಹತ್ತು ರೂಪಾಯಿಯ ನೀಟು ಯಾರಿಗೆ ಬೇಕು.

ಈಗ ಇದನ್ನು ಟೈಪ್ ಮಾಡುವಾಗ ಅವಳು ಇಲ್ಲೇ ಜಗಲಿಯಲ್ಲಿ ಕೂತು ಅದೇ "ನಮ್ಮೂರಿನ ನೀರು" ಬರೀತಿದ್ದಾಳೆ. ಸುರಂಗದ ಒಳಗೆ. ಹಾಳೆ ಪೂರ್ತಿ ಪೆನ್ಸಿಲಿನ ಕಪ್ಪು, ಕೈ, ಮೂಗು, ಫ್ರಾಕು ಎಲ್ಲ ಕಪ್ಪು. ನಡುವೆ ಕುಕ್ಕರುಗಾಲಲ್ಲಿ ಕೂತ ಒಬ್ಬ ಮನುಷ್ಯ, ಬೆನ್ನು ಮಾತ್ರ ಕಾಣ್ತದೆ, ಎದುರು ಒಂದು ಮೇಣದಬತ್ತಿ. ಬತ್ತಿ ನಂದಿದ್ರೆ ಒಳಗೆ ಗಾಳಿ ಇಲ್ಲ, ಕೂಡಲೇ ಹೊರಗೆ ಬರ್ಬೇಕು ಅಂತ ಅವಳಿಗೆ ಅಜ್ಜ ಹೇಳಿದ್ದು. ಶುಕ್ರವಾರ ರಫ್ ನೋಡಿದ ಮಾಸ್ಟ್ರು ಕೇಳಿದ್ರಂತೆ, ಬತ್ತಿ ಅವನ ಎದುರಿಗೆ ಅಲ್ವಾ ಇರುದು, ಮತ್ತೆ ಬೆನ್ನಿಗೆ ಬೆಳಕು ಎಲ್ಲಿಂದ ಬಂತು ಅಂತ. ಹಾಗಾಗಿ ಬೆನ್ನನ್ನು ಕಪ್ಪು ಮಾಡಿ, ಕಿವಿಯ ಅಂಚಿಗೆ ಮಾತ್ರ ರಬ್ಬರಿನ ಮೂಲೆಯಿಂದ ಒಂದು ಸಣ್ಣ ಬಿಳಿ ಗೆರೆ ತೆಗೀತಿದ್ದಾಳೆ, ನಾಲಗೆ ಹೊರಗೆ ಹಾಕಿಕೊಂಡು.

ಚಿತ್ರದ ಮನುಷ್ಯನ ಪಿಕ್ಕಾಸಿನ ಹಿಡಿಕೆ ಸ್ವಲ್ಪ ವಾರೆಯಾಗಿದೆ. ಒಂದೇ ಗೆರೆ, ಅರ್ಧ ನಿಮಿಷದ ಕೆಲಸ. ನಾನು ಎರಡೂ ಕೈಯಲ್ಲಿ ಮೊಬೈಲ್ ಗಟ್ಟಿ ಹಿಡಿದುಕೊಂಡು ಇಷ್ಟುದ್ದ ಬರೆದದ್ದು ಅದಕ್ಕೇ.