ಗೋಡೆ ಹತ್ತಬೇಕಂದ್ರೆ ಮೊದಲು ಸಾಯಬೇಕು

ನಮ್ಮ ಕಡೆ ಗೋಡೆ ಮೇಲೆ ಅಜ್ಜನ ಫೋಟೋ, ಅದಕ್ಕೊಂದು ಗಂಧದ ಹಾರ, ಕೆಳಗೊಂದು ಕೆಂಪು ಬಲ್ಬು ಕಂಡರೆ ಅಜ್ಜ ಎಲ್ಲಿ ಅಂತ ಯಾರೂ ಕೇಳಲ್ಲ. ಇದು ನಮ್ಮ ಮನೆಗಳ ಪದ್ಧತಿ ಮಾತ್ರ ಅಂದುಕೊಂಡಿದ್ದೆ. ಆದರೆ ಹೆಸರುವಾಸಿಗಳ ಭಾವಚಿತ್ರಗಳನ್ನೇ ಇಡುವ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯವರು ಇದನ್ನು ನಿಯಮವನ್ನೇ ಮಾಡಿಕೊಂಡಿದ್ದರು. 1856ರಲ್ಲಿ ಗ್ಯಾಲರಿ ಶುರುವಾದಾಗ, ಬದುಕಿರುವವರ ಚಿತ್ರಕ್ಕೆ ಒಳಗೆ ಜಾಗ ಇಲ್ಲ ಅಂದರು. ಬರೀ ಸತ್ತರೂ ಸಾಲದು, ಸತ್ತು ಹತ್ತು ವರ್ಷ ಆಗಿರಬೇಕು! ಸಿಂಹಾಸನದ ಮೇಲಿರುವವರಿಗೆ ಮತ್ತು ಅವರ ಗಂಡ ಅಥವಾ ಹೆಂಡತಿಗೆ ಮಾತ್ರ ವಿನಾಯಿತಿ. ಅವರಿಗೆ ಎಲ್ಲಿ ತಾನೇ ಇಲ್ಲ ಹೇಳಿ.

ಇನ್ನೊಂದು ನಿಯಮ ಇನ್ನೂ ಚೆನ್ನಾಗಿದೆ. ಕಲಾವಿದನ ಕೈಚಳಕಕ್ಕಿಂತ ಚಿತ್ರದಲ್ಲಿರುವವರ ಹೆಸರು ದೊಡ್ಡದು. ಮುಖ ಹೇಗೆ ಬಂದಿದೆ ಅನ್ನೋದು ಆಮೇಲೆ, ಯಾರ ಮುಖ ಅನ್ನೋದು ಮೊದಲು. ಸರಿ ಸ್ವಾಮಿ, ಒಪ್ಪಿದೆವು. ಹಾಗಾದರೆ ನಿಮ್ಮ ಸಂಗ್ರಹದ ಪಟ್ಟಿಯಲ್ಲಿ ನಂಬರ್ 1 ಚಿತ್ರ ಯಾರದು?

ಶೇಕ್ಸ್‌ಪಿಯರ್. ಬಹುಶಃ.

ಎಡಗಿವಿಗೆ ಚಿನ್ನದ ರಿಂಗು, ಹಿಂದೆ ಸರಿದ ಕೂದಲು, ಕಟ್ಟದೆ ಬಿಟ್ಟ ಕಾಲರಿನ ದಾರ. ಆಸಾಮಿ ಚೆನ್ನಾಗೇ ಇದ್ದಾನೆ. ಆದರೆ ಇದು ಅವನೇನಾ ಅಂತ ಖಡಾಖಂಡಿತ ಹೇಳಲು ಇವತ್ತಿಗೂ ಆಗಿಲ್ಲ. 2006ರಲ್ಲಿ ಇದಕ್ಕೆಂದೇ ಒಂದು ದೊಡ್ಡ ಪ್ರದರ್ಶನ ಮಾಡಿ, ಇದ್ದ ಚಿತ್ರಗಳಲ್ಲಿ ಇದೇ ಅವನಾಗಿರುವ ಸಾಧ್ಯತೆ ಜಾಸ್ತಿ ಅಂದರು. ನಾನು ಪಾಸ್‌ಪೋರ್ಟ್ ಆಫೀಸಿಗೆ ಹೋಗಿ, ಸಾರ್, ಇರೋ ಫೋಟೋಗಳಲ್ಲಿ ಇದೇ ನಾನಾಗಿರುವ ಸಾಧ್ಯತೆ ಜಾಸ್ತಿ ಅಂದರೆ ನಡೆಯುತ್ತಾ?

ಬದುಕಿರುವವರಿಗೆ ಬಾಗಿಲು ತೆರೆದದ್ದು ಕ್ಯಾಮೆರಾ ಬಂದು ನೂರು ವರ್ಷ ದಾಟಿದ ಮೇಲೆ. 1968ರಲ್ಲಿ ಛಾಯಾಗ್ರಾಹಕ ಸೆಸಿಲ್ ಬೀಟನ್ ತೆಗೆದ, ಬದುಕಿದ್ದವರೂ ಇದ್ದ ಫೋಟೋಗಳ ಪ್ರದರ್ಶನ ಇಟ್ಟರು, ಜನ ಸಾಲುಗಟ್ಟಿ ಬಂದರು. 1969ರಲ್ಲಿ ಸಾಯುವ ಷರತ್ತನ್ನೇ ಕೈಬಿಟ್ಟರು. ಆಮೇಲೆ ಫೋಟೋ ಮೇಲೆ ಎಷ್ಟು ಪ್ರೀತಿ ಬಂತು ಅಂದರೆ, ಶತಮಾನಗಳ ಹಿಂದೆ ಸತ್ತವರು ಬರೆದ ಚಿತ್ರಗಳಿಗೆ ತಾವು ಫೋಟೋ ಹೊಡೆಸಿ, ಆ ಫೋಟೋ ಹಕ್ಕು ನಮ್ಮದು ಅಂದರು. 2009ರಲ್ಲಿ ಅಂಥ ಮೂರು ಸಾವಿರಕ್ಕೂ ಹೆಚ್ಚು ಫೋಟೋಗಳನ್ನು ವಿಕಿಪೀಡಿಯ ಬಳಗಕ್ಕೆ ಹಾಕಿದವರೊಬ್ಬರಿಗೆ ವಕೀಲರಿಂದ ಪತ್ರ ಹೋಯಿತು. ಊರ ದೇವರಿಗೆ ಫೋಟೋ ಹೊಡೆದವನು ದೇವರೇ ನನ್ನದು ಅಂದ ಹಾಗೆ.

ಈಗ ಮಾಯ್ ಕಥೆ ಕೇಳಿ. ಪೆಸಿಫಿಕ್ ಸಾಗರದ ರಾಯಾಟಿಯಾ ದ್ವೀಪದ ಹುಡುಗ, 1774ರಲ್ಲಿ ಲಂಡನ್ನಿಗೆ ಬಂದ. ಇಂಗ್ಲಿಷ್ ಚಿತ್ರಕಾರ ಜೋಶುವಾ ರೆನಾಲ್ಡ್ಸ್ ಅವನನ್ನು ಬಿಳಿ ಬಟ್ಟೆ, ಬರಿಗಾಲು, ಹಚ್ಚೆ ಹಾಕಿದ ಕೈ ಸಮೇತ ಬರೆದ. ಅವರ ಭಾಷೆಯಲ್ಲಿ 'ಓ ಮಾಯ್' ಅಂದರೆ 'ಇವನು ಮಾಯ್' ಅಂತ. ಇಂಗ್ಲಿಷರು ಅಷ್ಟನ್ನೂ ಹೆಸರು ಅಂದುಕೊಂಡು 'ಒಮಾಯ್' ಅಂತ ಬರೆದುಕೊಂಡರು, ಇನ್ನೂರು ವರ್ಷ ಹಾಗೇ ಕರೆದರು. ನಾನ್ ಸುರೇಶ ಅಂದವನನ್ನು ನಾನ್ಸುರೇಶ ಅಂತ ರೇಷನ್ ಕಾರ್ಡಿಗೆ ಹತ್ತಿಸಿದ ಹಾಗೆ! ಹೆಸರೇ ಮುಖ್ಯ ಅನ್ನುವ ಈ ಗ್ಯಾಲರಿ 2023ರಲ್ಲಿ ಇದೇ ಚಿತ್ರವನ್ನು ಲಾಸ್ ಏಂಜಲೀಸಿನ ಗೆಟ್ಟಿ ಮ್ಯೂಸಿಯಂನವರ ಜೊತೆ ಸೇರಿ 5 ಕೋಟಿ ಪೌಂಡಿಗೆ ಕೊಂಡಿತು. ಅರ್ಧ ಇವರದು, ಅರ್ಧ ಅವರದು. ಅಪ್ಪನನ್ನು ಸರದಿ ಮೇಲೆ ಇಟ್ಟುಕೊಳ್ಳುವ ಅಣ್ಣತಮ್ಮಂದಿರ ಹಾಗೆ ಸ್ವಲ್ಪ ಕಾಲ ಇಲ್ಲಿ, ಸ್ವಲ್ಪ ಕಾಲ ಅಲ್ಲಿ. ರಾಯಾಟಿಯಾಗೆ ಪಾಲಿಲ್ಲ.