ಸ್ಪಷ್ಟನೆ: ರಾತ್ರಿ ಹತ್ತರವರೆಗೆ ಎಷ್ಟು ಜೋರಾದರೂ ಸ್ಪೀಕರ್ ಹಾಕಬಹುದೇ?

‘ನಮ್ಮ ಮನೆ, ನಮ್ಮ ಸ್ಪೀಕರ್, ರಾತ್ರಿ 10ರವರೆಗೆ ಯಾರೂ ಕೇಳುವಂತಿಲ್ಲ’ ಎಂಬ ವಾಟ್ಸ್ಆ್ಯಪ್ ಸಂದೇಶ ಓಡಾಡುತ್ತಿದೆ. ಇದು ತಪ್ಪು.

2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಹಗಲಿನಲ್ಲೂ ಲಿಖಿತ ಅನುಮತಿ ಬೇಕು. ವಸತಿ ಪ್ರದೇಶದ ಮಿತಿ ಹಗಲು (ಅಂದರೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ) 55 ಡೆಸಿಬಲ್ (ಸದ್ದಿನ ಅಳತೆ), ರಾತ್ರಿ 45. ಖಾಸಗಿ ಜಾಗದ ಸದ್ದು ಇದಕ್ಕಿಂತ 5 ಡೆಸಿಬಲ್ ಮಾತ್ರ ಹೆಚ್ಚಿರಬಹುದು, ಅಂದರೆ ಹಗಲು 60. ಹೆಚ್ಚಿನವರು ಎಡವುವುದು ಇಲ್ಲೇ: ಅಳೆಯುವುದು ನಿಮ್ಮ ಹಾಲ್‌ನಲ್ಲಲ್ಲ, ಕಾಂಪೌಂಡಿನ ಅಂಚಿನಲ್ಲಿ. ಪಕ್ಕದ ಮನೆಯಲ್ಲಿ ಹಸುಗೂಸೋ ಕಾಯಿಲೆಯವರೋ ಇದ್ದರೆ ಆ ಅಂಚು ಎಷ್ಟು ಮುಖ್ಯವೆಂದು ಯೋಚಿಸಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ರಾಜ್ಯ ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಅಲ್ಲಿ ಮಿತಿ ಇನ್ನೂ ಕಡಿಮೆ.

ಸದ್ದು ಮಿತಿಮೀರಿದರೆ 112ಕ್ಕೆ ಕರೆ ಮಾಡಿ. ಆ ಸಂದೇಶವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.